ಪರದೆ ಒಡೆದ ಲ್ಯಾಪ್‌ಟಾಪ್ ಸಂಗೀತದ ಪೆಟ್ಟಿಗೆಯಾದದ್ದು

ಕೈಜಾರಿ ಬಿದ್ದು ಪರದೆ ಒಡೆದುಕೊಂಡ ಲ್ಯಾಪ್‌ಟಾಪೊಂದು ಎರಡು ವರ್ಷದಿಂದ ಕಪಾಟಿನಲ್ಲಿ ಕೂತಿತ್ತು. ಪರದೆ ಬಿಟ್ಟರೆ ಉಳಿದದ್ದೆಲ್ಲ ಸರಿಯಿತ್ತು. ಅದೇ ಹೊತ್ತಿಗೆ ನನ್ನ ಹಳೆಯ ಸಿಡಿ ಪ್ಲೇಯರ್‌ಗೆ ಯಾವ ಸಿಡಿ ಹಾಕಿದರೂ ಡಿಸ್ಕೇ ಇಲ್ಲ ಎನ್ನಲು ಶುರುಮಾಡಿತು. ಲೇಸರ್ ಸವೆದಿತ್ತು, ಆ ಮಾದರಿಯ ಲೇಸರ್ ಈಗ ಸಿಗುವುದಿಲ್ಲ. ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳು ಚೆನ್ನಾಗಿದ್ದವು. ಹಾಡು ಹೊರಡುವ ಜಾಗವೊಂದನ್ನು ಕಟ್ಟಿಕೊಂಡರೆ ಸಾಕಿತ್ತು. ಆ ಕೆಲಸ ಮೂರು ವಾರಾಂತ್ಯ ಹಿಡಿಯಿತು. ಎಲ್ಲಿ ಏನು ಕೈಕೊಟ್ಟಿತು, ಹೇಗೆ ಪತ್ತೆಯಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ, ಇದೇ ದಾರಿ ಹಿಡಿದವರಿಗೆ ಸ್ವಲ್ಪ ಸಮಯವಾದರೂ ಉಳಿಯಲಿ ಎಂದು.

ಯಂತ್ರವನ್ನು ಸಜ್ಜುಗೊಳಿಸಿದ್ದು

ತಳದ ಸ್ಕ್ರೂ ಬಿಚ್ಚಿದಾಗ ಫ್ಯಾನಿನ ಬಾಯಿಗೆ ಧೂಳು ಕಂಬಳಿಯ ಹಾಗೆ ಕಟ್ಟಿಕೊಂಡಿತ್ತು. ಅದನ್ನು ಬ್ರಷ್‌ನಿಂದ ತೆಗೆದು, ಪ್ರೊಸೆಸರ್ ಮೇಲೆ ಒಣಗಿ ಹೋಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದೆ. ಸಂಗೀತ ನುಡಿಸುವುದು ಪ್ರೊಸೆಸರ್‌ಗೆ ಕೆಲಸವೇ ಅಲ್ಲ, ಶೇಕಡಾ ಒಂದೆರಡು ಬಳಕೆಯಲ್ಲಿ ಮುಗಿಯುತ್ತದೆ. ಹಾಗಾಗಿ ಯಂತ್ರದ ಮೂಲ ಸಂರಚನೆಯಾದ ಬಯಾಸ್‌ನಲ್ಲಿ, ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಟರ್ಬೊ ವೇಗವನ್ನು ನಿಲ್ಲಿಸಿದೆ. ಆಮೇಲೆ ಫ್ಯಾನ್ ತಿರುಗುವುದೇ ಅಪರೂಪವಾಯಿತು. ಸಣ್ಣ ದನಿಯ ಆಲಾಪ ಕೇಳುವಾಗ ಪಕ್ಕದಲ್ಲಿ ಫ್ಯಾನ್ ಸುಯ್ಯೆನ್ನುತ್ತಿದ್ದರೆ ಎಂಥ ಒಳ್ಳೆಯ ಆಂಪ್ಲಿಫೈಯರ್ ಇದ್ದೂ ಪ್ರಯೋಜನವಿಲ್ಲ. ಈ ಒಂದು ಗಂಟೆಯ ಕೆಲಸವನ್ನು ಯಾರೂ ಬಿಡಬಾರದು.

ಒಡೆದ ಪರದೆಯನ್ನು ಕಳಚಿಟ್ಟು, ಲಿನಕ್ಸ್‌ನ ಚಿಕ್ಕ ಆವೃತ್ತಿಯೊಂದನ್ನು ಹಾಕಿಕೊಂಡೆ. ನುಡಿಸುವ ತಂತ್ರಾಂಶಕ್ಕೆ ಎಂಪಿಡಿ ಆರಿಸಿದೆ. ಅದು ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ, ಹಾಡು ಆರಿಸುವುದು ಫೋನಿನಿಂದ. ಪರದೆ ಕಳಚದೆ ಉಳಿಸಿಕೊಂಡವರು, ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ರೆಗೆ ಜಾರುವ ಏರ್ಪಾಡನ್ನು ನಿಲ್ಲಿಸಲು ಮರೆಯಬೇಡಿ.

ಮೊದಲು ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದಲೇ ಆಂಪ್ಲಿಫೈಯರ್‌ಗೆ ವೈರ್ ಎಳೆದು ನೋಡಿದೆ. ಹಾಡು ನಿಂತಾಗ ಸ್ಪೀಕರ್‌ನಿಂದ ಸಣ್ಣ ಸೊಯ್ ಸದ್ದು, ಮೌಸ್ ಅಲ್ಲಾಡಿಸಿದರೆ ಕೀಚಲು ದನಿ. ಮದರ್‌ಬೋರ್ಡ್‌ನ ಮೇಲೆ ಪ್ರೊಸೆಸರ್, ಮೆಮೊರಿ, ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಸರ್ಕ್ಯೂಟ್ ಎಲ್ಲವೂ ಒಂದೇ ಗ್ರೌಂಡನ್ನು, ಅಂದರೆ ಕರೆಂಟು ಮರಳುವ ದಾರಿಯನ್ನು, ಹಂಚಿಕೊಂಡಿರುತ್ತವೆ. ಅಲ್ಲೇ ಮೂಲೆಯಲ್ಲಿರುವ ಆಡಿಯೊ ಚಿಪ್‌ಗೆ ಅದರ ಗದ್ದಲ ತಗಲದೆ ಇರುವುದಿಲ್ಲ. ಅದಕ್ಕೇ ಅಂಕಿಗಳನ್ನು ವೋಲ್ಟೇಜ್ ಮಾಡುವ ಕೆಲಸವನ್ನು ಪೆಟ್ಟಿಗೆಯಿಂದ ಹೊರಗೆ, ಡ್ಯಾಕ್ ಎಂಬ ಬೇರೆ ಸಾಧನಕ್ಕೆ ವಹಿಸಬೇಕು. ನನ್ನದು ತನ್ನದೇ ಅಡಾಪ್ಟರ್ ಇರುವ, ಯುಎಸ್‌ಬಿ ಮತ್ತು ಆಪ್ಟಿಕಲ್ (ಬೆಳಕಿನ ಎಳೆಯದು) ಎರಡೂ ಕಿಂಡಿಗಳಿರುವ ಸಾಧಾರಣ ಡ್ಯಾಕ್.

ಡ್ಯಾಕ್ ಕೊಳ್ಳುವಾಗ ನಾನು ಮೊದಲು ನೋಡಿದ್ದು ಅದರ ಯುಎಸ್‌ಬಿ ಅಸಿಂಕ್ರೊನಸ್ ವಿಧಾನದ್ದೇ ಎಂಬುದನ್ನು. ಸಂಗೀತ ಕಚೇರಿಯಲ್ಲಿ ತಾಳ ಯಾರು ಹಾಕುತ್ತಾರೆ ಎಂಬಂಥ ಪ್ರಶ್ನೆ ಇದು. ಹಳೆಯ ವಿಧಾನದಲ್ಲಿ ಕಂಪ್ಯೂಟರಿನ ತಾಳಕ್ಕೆ ಡ್ಯಾಕ್ ಹೊಂದಿಕೊಳ್ಳಬೇಕು, ಆದರೆ ಕಂಪ್ಯೂಟರಿಗೆ ನೂರೆಂಟು ಕೆಲಸ, ಅದರ ತಾಳ ಅತ್ತಿತ್ತ ಆಗುತ್ತದೆ. ಅಸಿಂಕ್ರೊನಸ್‌ನಲ್ಲಿ ಡ್ಯಾಕ್‌ನೊಳಗಿನ ಹರಳಿನ ಗಡಿಯಾರವೇ ತಾಳ ಹಾಕುತ್ತದೆ. ಇನ್ನಷ್ಟು ಕಳಿಸು, ಸ್ವಲ್ಪ ತಡೆ ಎಂದು ಅದು ಸಂದೇಶ ಕೊಡುತ್ತಲೇ ಇರುತ್ತದೆ, ಕಂಪ್ಯೂಟರ್ ಅದರಂತೆ ನಡೆಯುತ್ತದೆ.

ಗುಂಯ್ ಸದ್ದು

ಡ್ಯಾಕ್ ಜೋಡಿಸಿ ತಂಬೂರಿಯ ಧ್ವನಿಮುದ್ರಣವೊಂದನ್ನು ಹಾಕಿದೆ. ಕೀಚಲು ದನಿ ಹೋಗಿತ್ತು. ಅದರ ಜಾಗದಲ್ಲಿ ತಂಬೂರಿಗೆ ಸೇರದ ಇನ್ನೊಂದು ಶ್ರುತಿ ಗುಂಯ್ ಎನ್ನುತ್ತಿತ್ತು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಆಂಪ್ಲಿಫೈಯರ್‌ನ ಇನ್‌ಪುಟ್ ಬದಲಿಸಿದರೆ ನಿಲ್ಲುತ್ತಿತ್ತು. ಅಂದರೆ ತೊಂದರೆ ಆಂಪ್ಲಿಫೈಯರ್‌ನದಲ್ಲ, ವೈರಿನ ಮೂಲಕ ಬರುವಂಥದ್ದು.

ಇಂಥ ಹೊತ್ತಿನಲ್ಲಿ ಲ್ಯಾಪ್‌ಟಾಪಿಗಿರುವ ಅನುಕೂಲ ಡೆಸ್ಕ್‌ಟಾಪಿಗಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಕಿತ್ತ ಕ್ಷಣವೇ ಕೋಣೆ ನಿಶ್ಶಬ್ದವಾಯಿತು. ಮತ್ತೆ ಸಿಕ್ಕಿಸಿದೆ, ಗುಂಯ್. ರೋಗ ಗೊತ್ತಾಯಿತು, ಗ್ರೌಂಡ್ ಲೂಪ್. ಚಾರ್ಜರ್‌ನ ಮೂರನೆಯ ಪಿನ್ನಿನಿಂದ ಲ್ಯಾಪ್‌ಟಾಪಿಗೆ ಅರ್ಥಿಂಗ್ ಇದೆ, ಆಂಪ್ಲಿಫೈಯರ್‌ಗೂ ತನ್ನ ಪ್ಲಗ್‌ನಿಂದ ಅರ್ಥಿಂಗ್ ಇದೆ. ಯುಎಸ್‌ಬಿ ವೈರಿನ ಹೊದಿಕೆ, ಡ್ಯಾಕ್‌ನ ಗ್ರೌಂಡ್, ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ವೈರಿನ ಹೊದಿಕೆ ಇವುಗಳ ಮೂಲಕ ಆ ಎರಡೂ ಸೇರಿ ಒಂದು ದೊಡ್ಡ ಬಳೆಯಾಗುತ್ತದೆ. ಎರಡು ಅರ್ಥಿಂಗ್‌ಗಳ ನಡುವೆ ಒಂದೆರಡು ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಆ ಬಳೆಯಲ್ಲಿ ಕರೆಂಟು ಹರಿಯುತ್ತದೆ. ಸಂಗೀತದ ಸಂಕೇತಕ್ಕೂ ಅದೇ ಹೊದಿಕೆ ವಾಪಸು ದಾರಿಯಾದ್ದರಿಂದ 50 ಹರ್ಟ್ಸ್ ಮತ್ತು ಅದರ ಮಡಿಗಳು, 100, 150, ಹಾಡಿನೊಂದಿಗೆ ಬೆರೆಯುತ್ತವೆ.

ಚಾರ್ಜರ್‌ನ ಅರ್ಥ್ ಪಿನ್ನನ್ನು ಮುರಿದರೆ ಸದ್ದು ಹೋಗುತ್ತದೆ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಒಳಗೆ ಇನ್ಸುಲೇಷನ್ ಕೆಟ್ಟ ದಿನ ನಿಮ್ಮ ಪ್ರಾಣ ಕಾಯುವುದು ಆ ಪಿನ್ನೇ. ಲೂಪನ್ನು ಕಡಿಯಬೇಕಾದದ್ದು ಸಂಕೇತದ ದಾರಿಯಲ್ಲಿ, ಸುರಕ್ಷತೆಯ ದಾರಿಯಲ್ಲಿ ಅಲ್ಲ.

ಮೊದಲು ಎಲ್ಲ ಪ್ಲಗ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆ. ಸದ್ದು ಅರ್ಧಕ್ಕಿಳಿಯಿತು, ಹೋಗಲಿಲ್ಲ. ಆಮೇಲೆ ಅಂಕಿಗಳನ್ನು ದಾಟಿಸಿ ವಿದ್ಯುತ್ ಸಂಪರ್ಕವನ್ನು ಕಡಿಯುವ ಯುಎಸ್‌ಬಿ ಐಸೊಲೇಟರ್ ಒಂದನ್ನು ನಡುವೆ ಹಾಕಿದೆ. ಗುಂಯ್ ಪೂರ್ತಿ ನಿಂತಿತು, ಜೊತೆಗೆ ಡ್ಯಾಕ್ ಕೂಡ ಕಂಪ್ಯೂಟರಿಗೆ ಕಾಣದಾಯಿತು! ಕಾರಣ ಇಷ್ಟೇ. ಆ ಐಸೊಲೇಟರ್ ಸೆಕೆಂಡಿಗೆ 12 ಮೆಗಾಬಿಟ್‌ನ ಫುಲ್ ಸ್ಪೀಡ್ ಯುಎಸ್‌ಬಿಗೆ ಮಾತ್ರ ಮಾಡಿದ್ದು. ನನ್ನ ಡ್ಯಾಕ್ ಯುಎಸ್‌ಬಿ ಧ್ವನಿಯ ಎರಡನೆಯ ಆವೃತ್ತಿಯಾದ ಆಡಿಯೊ ಕ್ಲಾಸ್ 2 ವಿಧಾನದ್ದು, ಅದಕ್ಕೆ 480 ಮೆಗಾಬಿಟ್‌ನ ಹೈ ಸ್ಪೀಡ್ ಬೇಕು. ಹೈ ಸ್ಪೀಡ್‌ಗೆ ಒಗ್ಗುವ ಐಸೊಲೇಟರ್‌ಗಳೂ ಇವೆ, ಕೊಳ್ಳುವ ಮೊದಲು ಆ ಒಂದು ಸಾಲನ್ನು ಓದಿ.

ನಾನು ಕೊನೆಗೆ ಹಿಡಿದದ್ದು ಬೆಳಕಿನ ದಾರಿ. ಯುಎಸ್‌ಬಿಯಿಂದ ಆಪ್ಟಿಕಲ್ ಹೊರಡಿಸುವ ಪುಟ್ಟ ಪರಿವರ್ತಕವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅಲ್ಲಿಂದ ಟಾಸ್‌ಲಿಂಕ್ ಎಳೆಯನ್ನು ಡ್ಯಾಕ್‌ಗೆ ಕೊಟ್ಟೆ. ತೋಷಿಬಾ ಕಂಪನಿ 1983ರಲ್ಲಿ ಸಿಡಿ ಪ್ಲೇಯರ್‌ಗಳಿಗಾಗಿ ತಂದ ಜೋಡಣೆ ಇದು. ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕು ಹರಿಯುತ್ತದೆ, ತಾಮ್ರದ ಸಂಪರ್ಕವೇ ಇಲ್ಲ. ಸಂಪರ್ಕವೇ ಇಲ್ಲದ ಮೇಲೆ ಲೂಪ್ ಎಲ್ಲಿಂದ? ಆಂಪ್ಲಿಫೈಯರ್‌ನ ದನಿಯ ತಿರುಪನ್ನು ಮುಕ್ಕಾಲಕ್ಕೆ ತಿರುಗಿಸಿ ಸ್ಪೀಕರ್‌ಗೆ ಕಿವಿ ಇಟ್ಟರೂ ಈಗ ಟ್ವೀಟರ್‌ನ, ಅಂದರೆ ಮೇಲಿನ ಸ್ವರಗಳ ಪುಟ್ಟ ಸ್ಪೀಕರ್‌ನ, ಸಣ್ಣ ಉಸಿರು ಬಿಟ್ಟು ಏನೂ ಕೇಳುವುದಿಲ್ಲ. ಅಸಿಂಕ್ರೊನಸ್ ಬೇಕೆಂದು ಆರಿಸಿದ ಡ್ಯಾಕ್‌ಗೆ ಕೊನೆಗೆ ಆಪ್ಟಿಕಲ್ ಕೊಟ್ಟದ್ದರ ಬಗ್ಗೆ ನನಗೆ ಬೇಸರವಿಲ್ಲ. ತಾಳ ಹಾಕುವ ಕೆಲಸ ಈಗ ಪರಿವರ್ತಕದ್ದು, ಅದೂ ಅಸಿಂಕ್ರೊನಸ್ಸೇ. ಡ್ಯಾಕ್‌ನ ಸ್ವೀಕಾರ ಸರ್ಕ್ಯೂಟ್ ಆ ತಾಳವನ್ನು ಹಿಡಿದುಕೊಳ್ಳುತ್ತದೆ. ಆ ಗುಂಯ್ ಕೇಳುತ್ತಿತ್ತು, ಈ ವ್ಯತ್ಯಾಸ ಕೇಳುವುದಿಲ್ಲ.

ಬ್ಯಾಟರಿಯ ಉಪಯೋಗ ಇಲ್ಲಿಗೆ ಮುಗಿಯಿತು. ಹಗಲೂ ರಾತ್ರಿ ಚಾರ್ಜರ್‌ಗೆ ಅಂಟಿಕೊಂಡಿರುವ ಹಳೆಯ ಲಿಥಿಯಂ ಬ್ಯಾಟರಿ ಉಬ್ಬುವ ಭಯವಿರುತ್ತದೆ, ತೆಗೆದಿಟ್ಟೆ. ಬ್ಯಾಟರಿ ಇಲ್ಲದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಪ್ರೊಸೆಸರ್ ವೇಗ ತಗ್ಗಿಸುತ್ತವೆ. ನಮ್ಮ ಕೆಲಸಕ್ಕೆ ಅದು ಒಳ್ಳೆಯದೇ.

ಯಾರೋ ನಡುವೆ ಲೆಕ್ಕ ಬದಲಿಸುತ್ತಿದ್ದರು

ಸಿಡಿಯಿಂದ ತೆಗೆದ ಹಾಡು ನುಡಿಯುತ್ತಿರುವಾಗ ಡ್ಯಾಕ್‌ನ ಮುಂಭಾಗದ ಅಂಕಿ 48 ಎಂದು ತೋರಿಸುತ್ತಿದ್ದುದು ಎರಡನೆಯ ವಾರ ಕಣ್ಣಿಗೆ ಬಿತ್ತು. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯನ್ನು ಅಳೆದ ಅಂಕಿಗಳು), ಪ್ರತಿಯೊಂದೂ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಡ್ಯಾಕ್‌ಗೆ ತಲುಪುವಾಗ ಅದು 48,000 ಆಗಿದೆ ಎಂದರೆ ನಡುವೆ ಯಾರೋ ಹೊಸ ಸ್ಯಾಂಪಲ್‌ಗಳನ್ನು ಲೆಕ್ಕ ಹಾಕಿ ಕೂರಿಸುತ್ತಿದ್ದಾರೆ. ಲಿನಕ್ಸ್‌ನ ಧ್ವನಿ ಪದರವಾದ ಆಲ್ಸಾ, ಸದ್ಯ ಯಾವ ದರದಲ್ಲಿ ಸಾಧನ ತೆರೆದಿದೆ ಎಂಬುದನ್ನು ಒಂದು ಪುಟ್ಟ ಫೈಲಿನಲ್ಲಿ ತೋರಿಸುತ್ತದೆ. ಅಲ್ಲೂ 48,000 ಎಂದೇ ಇತ್ತು.

ಮಾಡುತ್ತಿದ್ದದ್ದು ಪೈಪ್‌ವೈರ್ ಎಂಬ ಧ್ವನಿ ಸರ್ವರ್. ಬ್ರೌಸರ್, ಸಂದೇಶದ ಗಂಟೆ, ಹಾಡು ಎಲ್ಲವನ್ನೂ ಬೆರೆಸಿ ಒಂದೇ ಸಾಧನಕ್ಕೆ ಕೊಡುವುದು ಅದರ ಕೆಲಸ. ಬೆರೆಸಬೇಕಾದರೆ ಎಲ್ಲವೂ ಒಂದೇ ದರದಲ್ಲಿರಬೇಕು, ಅದು ತಾನಾಗಿ ಹಿಡಿಯುವ ದರ 48,000. ಮೇಜಿನ ಕಂಪ್ಯೂಟರಿಗೆ ಇದು ಸರಿಯಾದ ಏರ್ಪಾಡೇ. ಹಾಡು ಮಾತ್ರ ನುಡಿಸುವ ಪೆಟ್ಟಿಗೆಗೆ ಬೇಡ. 44.1ರಿಂದ 48ಕ್ಕೆ ಹೋಗುವ ಅನುಪಾತ 147ಕ್ಕೆ 160. ಒಳ್ಳೆಯ ಪರಿವರ್ತಕ ಅದನ್ನು ಚೆನ್ನಾಗಿಯೇ ಮಾಡುತ್ತದೆ, ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಯಿತು ಎಂದರೆ ಸುಳ್ಳಾಗುತ್ತದೆ. ಆದರೂ ನನಗೆ ತಿಳಿಯದ ಹಾಗೆ ಒಂದು ಕೈ ನಡುವೆ ಆಡುತ್ತಿರುವುದು ಒಪ್ಪಿಗೆಯಾಗಲಿಲ್ಲ. ನಾಳೆ ಏನಾದರೂ ಕೆಟ್ಟರೆ ಎಲ್ಲಿ ಹುಡುಕುವುದು?

ಧ್ವನಿ ಸರ್ವರನ್ನು ತೆಗೆದುಹಾಕಿ, ಎಂಪಿಡಿ ನೇರವಾಗಿ ಆಲ್ಸಾದ ಹಾರ್ಡ್‌ವೇರ್ ಸಾಧನಕ್ಕೆ ಬರೆಯುವಂತೆ ಸಂರಚನೆಯಲ್ಲಿ ಸೂಚಿಸಿದೆ. ದರ ಬದಲಿಸಬೇಡ, ದನಿ ತಗ್ಗಿಸಬೇಡ ಎಂಬ ಎರಡು ಸಾಲು ಸೇರಿಸಿದೆ. ಸಾಧನವನ್ನು ಸಂಖ್ಯೆಯಿಂದ ಕರೆಯಬೇಡಿ, ಹೆಸರಿನಿಂದ ಕರೆಯಿರಿ. ಕಂಪ್ಯೂಟರ್ ಮರಳಿ ಶುರುವಾದಾಗ ಸಂಖ್ಯೆ ಅದಲುಬದಲಾಗಬಹುದು, ಆಗ ಹಾಡು ಲ್ಯಾಪ್‌ಟಾಪಿನ ಒಳಗಿನ ಚಿಪ್‌ಗೆ ಹೋಗಿ ಸ್ಪೀಕರ್ ಮೌನವಾಗಿ ಕೂರುತ್ತದೆ. ವಿಂಡೋಸ್ ಬಳಸುವವರು ಪ್ಲೇಯರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ವಿಧಾನ ಆರಿಸಿಕೊಂಡರೆ ಇದೇ ಫಲ ಸಿಗುತ್ತದೆ.

ಡ್ಯಾಕ್ ಈಗ 44.1 ತೋರಿಸಿತು. ಆದರೆ ದರ ಸರಿಯಿದ್ದ ಮಾತ್ರಕ್ಕೆ ಬಿಟ್‌ಗಳು ಸರಿಯಿವೆ ಎನ್ನಲಾಗದು. ಅದಕ್ಕೊಂದು ಸೊಗಸಾದ ಪರೀಕ್ಷೆಯಿದೆ. 1990ರ ದಶಕದಲ್ಲಿ ಡಿಟಿಎಸ್ ಸಿಡಿಗಳು ಬಂದಿದ್ದವು. ಅವುಗಳಲ್ಲಿ ಹಲವು ಚಾನೆಲ್‌ಗಳ ಧ್ವನಿಯನ್ನು ಮಾಮೂಲಿ ಸಿಡಿಯ ಅಂಕಿಗಳ ವೇಷದಲ್ಲಿ ತುಂಬಿರುತ್ತಾರೆ. ಅದನ್ನು ಸಾಮಾನ್ಯ ಡ್ಯಾಕ್‌ಗೆ ಕೊಟ್ಟರೆ ಬರುವುದು ಬರೀ ಭೋರೆಂಬ ಸದ್ದು, ದನಿ ತಗ್ಗಿಸಿಟ್ಟುಕೊಳ್ಳದಿದ್ದರೆ ಸ್ಪೀಕರ್‌ಗೂ ಕಿವಿಗೂ ಅಪಾಯ. ಹೋಮ್ ಥಿಯೇಟರ್ ರಿಸೀವರ್‌ಗೆ ಕೊಟ್ಟರೆ ಅದು ಗುರುತು ಹಿಡಿದು ಬಿಡಿಸಿ ನುಡಿಸುತ್ತದೆ. ನಡುವೆ ಯಾರಾದರೂ ದರ ಬದಲಿಸಿದ್ದರೆ, ದನಿಯನ್ನು ಕೂದಲೆಳೆಯಷ್ಟು ತಗ್ಗಿಸಿದ್ದರೆ, ಡಿದರ್ ಎಂಬ ಅತಿ ಸಣ್ಣ ಗದ್ದಲ ಸೇರಿಸಿದ್ದರೆ ಆ ಸಂಕೇತ ಚೂರಾಗಿ ರಿಸೀವರ್‌ಗೆ ಗುರುತೇ ಸಿಗುವುದಿಲ್ಲ. ಗೆಳೆಯರೊಬ್ಬರ ರಿಸೀವರನ್ನು ಒಂದು ದಿನಕ್ಕೆ ತಂದು ಆಪ್ಟಿಕಲ್ ಎಳೆಯನ್ನು ಅದಕ್ಕೆ ಕೊಟ್ಟೆ. ಅದರ ಮುಖದ ಮೇಲೆ ಡಿಟಿಎಸ್ ಎಂದು ಬೆಳಗಿತು. ಈ ಮೂರು ವಾರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಕ್ಷಣ ಅದು. ಖಾತ್ರಿಗೆಂದು ತಂತ್ರಾಂಶದ ದನಿಯನ್ನು ಶೇಕಡಾ 99ಕ್ಕೆ ಇಳಿಸಿದೆ. ಕೂಡಲೇ ಆ ಬೆಳಕು ಆರಿತು.

ಟಿಕ್, ಟಿಕ್

ಎಲ್ಲವನ್ನೂ ಕಪಾಟಿನ ಹಿಂದೆ ಜೋಡಿಸಿಟ್ಟ ಮೇಲೆ ಐದು ಹತ್ತು ನಿಮಿಷಕ್ಕೊಮ್ಮೆ ಟಿಕ್ ಎಂಬ ಸದ್ದು ಬರತೊಡಗಿತು. ಎಲ್ಲರಿಗೂ ಬರುವ ಮೊದಲ ಅನುಮಾನವೇ ನನಗೂ ಬಂತು. ಕಂಪ್ಯೂಟರ್ ಸಮಯಕ್ಕೆ ಅಂಕಿ ಕಳಿಸುತ್ತಿಲ್ಲ, ಅಂಕಿಗಳನ್ನು ಕೂಡಿಟ್ಟುಕೊಳ್ಳುವ ಬಫರ್ ಖಾಲಿಯಾಗುತ್ತಿದೆ. ಬಫರ್ ಹಿಗ್ಗಿಸಿದೆ, ಯುಎಸ್‌ಬಿ ಹಬ್ ತೆಗೆದು ನೇರ ಸಿಕ್ಕಿಸಿದೆ, ವೈಫೈ ಬಿಟ್ಟು ತಂತಿ ಜಾಲಕ್ಕೆ ಹೋದೆ. ಟಿಕ್ ಹಾಗೇ ಇತ್ತು. ಇಡೀ ಸಂಜೆ ಹೋಯಿತು. ಮೊದಲೇ ಎಂಪಿಡಿಯ ಲಾಗ್ ನೋಡಬೇಕಿತ್ತು. ಅದರಲ್ಲಿ ಬಫರ್ ಖಾಲಿಯಾದ ಒಂದು ದಾಖಲೆಯೂ ಇರಲಿಲ್ಲ. ಅಂದಮೇಲೆ ತಪ್ಪು ಲ್ಯಾಪ್‌ಟಾಪಿನ ಆಚೆ.

ಆಪ್ಟಿಕಲ್ ಎಳೆ ಕಪಾಟಿನ ಹಿಂದೆ ಗೋಡೆಗೆ ಒತ್ತಿ, ಕೈಬೆರಳಿಗಿಂತ ಕಡಿದಾಗಿ ಮಡಿಚಿಕೊಂಡಿತ್ತು. ಟಾಸ್‌ಲಿಂಕ್‌ನ ಎಳೆ ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ಹೆಚ್ಚು ಬಾಗಿಸಿದರೆ ಬೆಳಕು ಅಂಚಿನಿಂದ ಹೊರಗೆ ಸೋರುತ್ತದೆ, ಸ್ವೀಕಾರದ ಕಡೆ ಸಂಕೇತ ಮಂಕಾಗಿ ಆಗಾಗ ಹಿಡಿತ ತಪ್ಪುತ್ತದೆ. ಕಪಾಟನ್ನು ನಾಲ್ಕು ಬೆರಳು ಮುಂದಕ್ಕೆಳೆದು ಎಳೆಗೆ ದೊಡ್ಡ ಬಾಗು ಕೊಟ್ಟೆ. ಆಮೇಲೆ ಟಿಕ್ ಕೇಳಿಲ್ಲ.

ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿಹೋಗುತ್ತಿದ್ದದ್ದು ಬೇರೆ ಕಥೆ. ಮೌನದ ನಂತರ ಸಂಕೇತ ಬಂದಾಗ ಡ್ಯಾಕ್ ಅದರ ತಾಳ ಹಿಡಿಯುವ ತನಕ ಬಾಯಿ ಮುಚ್ಚಿಕೊಂಡಿರುತ್ತದೆ. ಸಾಧನವನ್ನು ಸದಾ ತೆರೆದಿಡು ಎಂಬ ಆಯ್ಕೆ ಎಂಪಿಡಿಯಲ್ಲಿದೆ, ಅದನ್ನು ಹಾಕಿದರೆ ಸಾಕು.

ಸಿಡಿಗಳನ್ನು ಒಳಗೆ ತಂದದ್ದು

ಫೈಲುಗಳಿಗೆ ಫ್ಲ್ಯಾಕ್ ಬಿಟ್ಟು ಬೇರೆ ಯೋಚನೆಯೇ ಮಾಡಲಿಲ್ಲ. 2001ರಿಂದ ಇರುವ, ಯಾರ ಸ್ವತ್ತೂ ಅಲ್ಲದ ವಿಧಾನ. ಒಂದು ಬಿಟ್ಟನ್ನೂ ಕಳೆಯದೆ ಹಿಂಡುತ್ತದೆ. ಒಂದು ಗಂಟೆಯ ಸಿಡಿ ಹಿಂಡದಿದ್ದರೆ 635 ಮೆಗಾಬೈಟ್, ಫ್ಲ್ಯಾಕ್‌ನಲ್ಲಿ ನನ್ನ ಸಿಡಿಗಳು ಬಹುತೇಕ ಅದರ ಅರ್ಧದಿಂದ ಮುಕ್ಕಾಲರೊಳಗೆ ಬಂದವು. ಹೆಸರುಗಳನ್ನು ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8ರಲ್ಲಿ ಬರೆಯುವುದು ಇದರ ನಿಯಮವೇ ಆದ್ದರಿಂದ ರಾಗ, ಕಲಾವಿದರ ಹೆಸರನ್ನೆಲ್ಲ ಕನ್ನಡದಲ್ಲೇ ತುಂಬಿದೆ. ಫೋನಿನಲ್ಲಿ ಅಕಾರಾದಿಯಾಗಿ ಸಾಲುಗಟ್ಟಿ ನಿಂತದ್ದನ್ನು ನೋಡಿದಾಗ, ಕಪಾಟಿನ ಸಿಡಿಗಳನ್ನು ಕೊನೆಗೂ ಒಂದು ಕ್ರಮದಲ್ಲಿ ಜೋಡಿಸಿದಂತಾಯಿತು.

ಸಿಡಿ ಓದುವಾಗ ಅವಸರ ಬೇಡ. ಮಾಮೂಲಿ ಪ್ಲೇಯರ್ ಗೀರು ಸಿಕ್ಕಿದರೆ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಊಹಿಸಿ ಮುಂದೆ ಹೋಗುತ್ತದೆ. ನಮಗೆ ಬೇಕಾದದ್ದು ಊಹೆ ಅಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದುವ, ಕೊನೆಗೆ ಅಕ್ಯುರೇಟ್‌ರಿಪ್ ಎಂಬ ದತ್ತಸಂಚಯದಲ್ಲಿ ಬೇರೆಯವರ ಓದಿನ ಚೆಕ್‌ಸಮ್ (ಎಲ್ಲ ಅಂಕಿಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಜೊತೆ ತಾಳೆ ನೋಡುವ ತಂತ್ರಾಂಶ ಬಳಸಿದೆ. ಒಂದು ಸಿಡಿಯ ನಾಲ್ಕನೆಯ ಹಾಡು ಎಷ್ಟು ಓದಿದರೂ ತಾಳೆಯಾಗಲಿಲ್ಲ. ಸೋಪಿನ ನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಬೇರೆ ಡ್ರೈವ್‌ನಲ್ಲಿ ಹಾಕಿದಾಗ ಒಂದೇ ಓದಿಗೆ ತಾಳೆಯಾಯಿತು. ಡ್ರೈವ್‌ನಿಂದ ಡ್ರೈವ್‌ಗೆ ಓದುವ ಶಕ್ತಿ ಅಷ್ಟು ಬೇರೆ ಇರುತ್ತದೆ.

96 ಅಥವಾ 192 ಕಿಲೊಹರ್ಟ್ಸ್ ಫೈಲುಗಳಿಗಾಗಿ ಇದೇ ಸಂಗ್ರಹವನ್ನು ಮತ್ತೆ ಕೊಳ್ಳುವ ಆಸೆ ನನಗಿಲ್ಲ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹೆಚ್ಚಿನ ದರದ ಧ್ವನಿಯ ದಾರಿಯಲ್ಲಿ ಸಿಡಿ ಗುಣಮಟ್ಟದ ಕೊಂಡಿಯೊಂದನ್ನು ಸೇರಿಸಿ, ತೆಗೆದು, ಕೇಳುಗರಿಗೆ ಗುರುತಿಸಲು ಹೇಳಿದ್ದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು ಹೆಚ್ಚುಕಡಿಮೆ ಅರ್ಧ, ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಧ್ವನಿಮುದ್ರಣ ಚೆನ್ನಾಗಿದ್ದರೆ 44.1 ಮತ್ತು 16 ಬಿಟ್ ನನಗೆ ಸಾಕು.

ಕೋಣೆ

ಇಷ್ಟೆಲ್ಲ ಆದ ಮೇಲೂ ಮೃದಂಗದ ಎಡದ ಗುಮಿಕಿ ಕೋಣೆಯಲ್ಲಿ ಉಬ್ಬಿ ನಿಲ್ಲುತ್ತಿತ್ತು. ಸಿಡಿ ಪ್ಲೇಯರ್ ಇದ್ದಾಗಲೂ ಹೀಗೇ ಇತ್ತು, ಸ್ಪೀಕರ್ ಸ್ವಭಾವ ಎಂದುಕೊಂಡಿದ್ದೆ. ಮೂಲ ಕಂಪ್ಯೂಟರೇ ಆದ ಮೇಲೆ ಅಳೆಯಲು ಅಡ್ಡಿಯೇನು? ಅಳತೆಯ ಮೈಕ್ ಒಂದನ್ನು ಕುರ್ಚಿಯಲ್ಲಿ ಕಿವಿ ಇರುವ ಎತ್ತರಕ್ಕೆ ನಿಲ್ಲಿಸಿ, ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶದಿಂದ ಕೆಳಗಿನ ಸ್ವರದಿಂದ ಮೇಲಿನವರೆಗೆ ಜಾರುವ ಸದ್ದು ಹೊರಡಿಸಿದೆ. 43 ಹರ್ಟ್ಸ್ ಬಳಿ 11 ಡೆಸಿಬೆಲ್‌ನ ಗುಡ್ಡ!

ಲೆಕ್ಕ ನೇರವಾಗಿದೆ. ಕೋಣೆಯ ಉದ್ದ 4 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ, ಅಂದರೆ 8ರಿಂದ ಭಾಗಿಸಿದರೆ 43. ಆ ಸ್ವರದ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತು ಅನುರಣಿಸುತ್ತದೆ, ಗೋಡೆಯ ಬಳಿ ಅದರ ಒತ್ತಡ ಅತಿ ಹೆಚ್ಚು. ನನ್ನ ಕುರ್ಚಿ ಹಿಂದಿನ ಗೋಡೆಗೆ ಆನಿಕೊಂಡಿತ್ತು. ಕಿವಿ ಗೋಡೆಯಿಂದ 1 ಮೀಟರ್ ದೂರ ಬರುವಂತೆ ಕುರ್ಚಿಯನ್ನು ಮುಂದೆ ತಂದು ಅಳೆದೆ. ಏನೂ ಖರ್ಚಿಲ್ಲದೆ ಗುಡ್ಡ ಸುಮಾರು 3 ಡೆಸಿಬೆಲ್ ಇಳಿಯಿತು. ವೈರು, ಬಿಟ್ಟು, ಬಫರ್ ಎಂದು ಮಾಡಿದ ಯಾವ ಬದಲಾವಣೆಯೂ ಕಿವಿಗೆ ಇಷ್ಟು ದೊಡ್ಡದಾಗಿ ಕೇಳಿರಲಿಲ್ಲ.

ಉಳಿದದ್ದಕ್ಕೆ ಕ್ಯಾಮಿಲ್ಲಾಡಿಎಸ್‌ಪಿ ಎಂಬ ತಂತ್ರಾಂಶವನ್ನು ಎಂಪಿಡಿ ಮತ್ತು ಪರಿವರ್ತಕದ ನಡುವೆ ಕೂರಿಸಿ, 43 ಹರ್ಟ್ಸ್‌ನಲ್ಲಿ 6 ಡೆಸಿಬೆಲ್ ಕಡಿಯುವ ಕಿರಿದಾದ ಫಿಲ್ಟರ್ ಹಾಕಿದೆ. ಇಷ್ಟು ಕಷ್ಟಪಟ್ಟು ಬಿಟ್‌ಗಳನ್ನು ಮುಟ್ಟದೆ ತಲುಪಿಸಿ, ಕೊನೆಗೆ ನಾನೇ ಮುಟ್ಟಿದೆನಲ್ಲ ಎಂದು ಕೇಳಬಹುದು. ಮುಟ್ಟಿದೆ, ಆದರೆ ಎಲ್ಲಿ, ಎಷ್ಟು ಎಂದು ತಿಳಿದು ಮುಟ್ಟಿದೆ. ಲೆಕ್ಕ ನಡೆಯುವುದು 64 ಬಿಟ್‌ನಲ್ಲಿ, ಹೊರಬರುವುದು 24 ಬಿಟ್‌ನಲ್ಲಿ, 16 ಬಿಟ್‌ನ ಹಾಡಿನಿಂದ ಕಳೆದುಹೋಗುವುದೇನಿಲ್ಲ. ಅನುಮಾನ ಬಂದ ದಿನ ಫಿಲ್ಟರ್ ತೆಗೆದು ಡಿಟಿಎಸ್ ಪರೀಕ್ಷೆಗೆ ಮರಳಬಹುದು.

ಕುರ್ಚಿ ಸರಿಸಿದ್ದಕ್ಕೆ ಒಂದು ಬೆಲೆಯೂ ಇತ್ತು. 86 ಹರ್ಟ್ಸ್ ಬಳಿ ಆಳವಾದ ಹಳ್ಳ ಬಿದ್ದಿತು. ಆ ಸ್ವರದ ಅಲೆಯ ಉದ್ದ 4 ಮೀಟರ್. ಕಿವಿ ದಾಟಿ ಹಿಂದಿನ ಗೋಡೆಗೆ ಬಡಿದು ಮರಳುವಷ್ಟರಲ್ಲಿ ಅದು 2 ಮೀಟರ್ ಹೆಚ್ಚು ನಡೆದಿರುತ್ತದೆ, ಸರಿಯಾಗಿ ಅರ್ಧ ಅಲೆ, ನೇರ ಬಂದದ್ದನ್ನು ಅಳಿಸಿಹಾಕುತ್ತದೆ. ಹಳ್ಳವನ್ನು ಫಿಲ್ಟರ್‌ನಿಂದ ತುಂಬಲಾಗದು. ಎಷ್ಟು ಜೋರು ಕಳಿಸಿದರೂ ಮರಳುವುದೂ ಅಷ್ಟೇ ಜೋರಾಗಿ ಅಳಿಸುತ್ತದೆ, ಆಂಪ್ಲಿಫೈಯರ್ ಮಾತ್ರ ದಣಿಯುತ್ತದೆ. ಕುರ್ಚಿಯನ್ನು 20 ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಮತ್ತೆ ಅಳೆದೆ. ಹಳ್ಳ ಅರ್ಧ ತುಂಬಿತು, ಗುಡ್ಡ ಒಂದು ಡೆಸಿಬೆಲ್‌ನಷ್ಟು ಮೇಲೆದ್ದಿತು, ಫಿಲ್ಟರನ್ನು 7ಕ್ಕೆ ಏರಿಸಿದೆ. ಕುರ್ಚಿಯ ಕಾಲುಗಳ ಜಾಗಕ್ಕೆ ನೆಲದ ಮೇಲೆ ಟೇಪಿನಿಂದ ಗುರುತು ಹಾಕಿದ್ದೇನೆ.